4 ಅಡಿ ಟ್ಯಾಂಕಿಗೆ ಕಮ್ಮಿ ಕ್ರಯದ ಕ್ಯಾನಿಸ್ಟರ್ ಫಿಲ್ಟರ್ ಯಾವುದಾಗಬಹುದು? (ಸುರಂಗದ ನೀರು, ಮಳೆಗಾಲದ ಕರೆಂಟು)

ಪೆರ್ಲದ ಹುಡುಗ
ಎಲ್ಲರಿಗೂ ನಮಸ್ಕಾರ. ನನ್ನತ್ರ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಉಂಟು, ಒಳಗೆ ಗೋಲ್ಡ್ ಫಿಶ್ ಐದಾರು, ಎಲ್ಲ ದೊಡ್ಡದಾಗಿದೆ. ಈಗ ಇರುದು ಮೇಲೆ ಕೂರುವ ಟಾಪ್ ಫಿಲ್ಟರ್, ಸ್ಪಂಜು ತೊಳೆದು ನಾಲ್ಕು ದಿನ ಆಗ್ಬೇಕಾದ್ರೆ ಮತ್ತೆ ಕಸ ಕಟ್ಟಿ ನೀರು ಬದಿಯಿಂದ ಹರಿತದೆ. ಕ್ಯಾನಿಸ್ಟರ್ (ಟ್ಯಾಂಕಿನ ಕೆಳಗೆ ಇಡುವ ಮುಚ್ಚಿದ ಡಬ್ಬದ ಫಿಲ್ಟರ್) ಹಾಕುವಾ ಅಂತ ಆಲೋಚನೆ, ಬಜೆಟ್ 6-7 ಸಾವಿರ. ಆನ್‌ಲೈನಲ್ಲಿ ನೋಡಿದ್ರೆ ಗಂಟೆಗೆ 1000 ಲೀಟರ್, 1400 ಲೀಟರ್, 2000 ಲೀಟರ್ ಅಂತೆಲ್ಲ ಉಂಟು, ಕ್ರಯದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣುದಿಲ್ಲ, ಹಾಗಾದ್ರೆ 2000ದ್ದೇ ತೆಗೊಂಡ್ರೆ ಒಳ್ಳೆದಲ್ವಾ? ನಮ್ಮದು ಸುರಂಗದ ನೀರು, ಗುಡ್ಡಕ್ಕೆ ಅಡ್ಡ ಕೊರೆದದ್ದು. ಕರೆಂಟಿನ ವಿಷಯ ಹೇಳುದು ಬೇಡ, ಮಳೆ ಶುರುವಾದ್ರೆ ಯಾವ ತೋಟದಲ್ಲಿ ಯಾವ ಮರ ಲೈನಿನ ಮೇಲೆ ಬೀಳ್ತದೆ ಅಂತ ನೋಡ್ತಾ ಕೂರುದು.

ಉಪ್ಪಳ ಯುವಿ
2000 ಬೇಡ ಭಾವ, ಸನ್‌ಸನ್ ಎಚ್‌ಡಬ್ಲ್ಯೂ 303ಬಿ ತೆಗೊಳ್ಳಿ. 1400 ಲೀಟರ್, ಪಾಚಿ ಕೊಲ್ಲುವ ಯುವಿ ಲೈಟ್ ಒಳಗೇ ಉಂಟು. ಗೋಲ್ಡ್ ಫಿಶ್‌ಗೆ ಅದೇ ಸರಿ. ಮುಗೀತು.

ಮುಳ್ಳೇರಿಯ ಮಾಸ್ಟ್ರು
ಎಂತ ಮುಗಿಯುದು ಮಾರಾಯ್ರೆ, ಮೊದಲು ಲೆಕ್ಕ ಹಾಕುವಾ. 4 × 1.5 × 1.5 ಅಂದ್ರೆ 9 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಒಟ್ಟು 255 ಲೀಟರ್. ಕೆಳಗೆ ಜಲ್ಲಿ, ಮೇಲೆ ಬಿಟ್ಟ ಜಾಗ ಎಲ್ಲ ಕಳೆದ್ರೆ ನೀರು 220ರ ಹತ್ತಿರ ಇರಬಹುದು. ಟ್ಯಾಂಕಿನ ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರ್ ಒಳಗೆ ಹೋಗಿ ಬರ್ಬೇಕು ಅಂತ ಸಾಮಾನ್ಯ ಹೇಳುವ ಮಾತು, ಆ ಲೆಕ್ಕಕ್ಕೆ 1000 ಸಾಕು ಅಂತ ಆಯ್ತು.

ಆದ್ರೆ ಡಬ್ಬದ ಮೇಲೆ ಬರೆದ ಲೀಟರ್ ಉಂಟಲ್ಲ, ಅದು ಸಾಮಾನ್ಯ ಒಳಗೆ ಏನೂ ತುಂಬಿಸದೆ, ಪೈಪಿನ ತಡೆಯೂ ಇಲ್ಲದೆ ಪಂಪು ಎಷ್ಟು ತಳ್ತದೆ ಅಂತ ನೋಡಿದ ಲೆಕ್ಕ. ಸ್ಟ್ಯಾಂಡಿನ ಕೆಳಗಿನ ಡಬ್ಬಕ್ಕೆ ನೀರು ಉದ್ದದ ಪೈಪಲ್ಲಿ ಇಳಿದು ಮತ್ತೆ ಏರಿ ಬರ್ಬೇಕು, ನಾಲ್ಕು ತಟ್ಟೆ ತುಂಬ ಸ್ಪಂಜು, ಸೆರಾಮಿಕ್ ರಿಂಗು ಇರ್ಬೇಕು, ಅದರಲ್ಲಿ ಎರಡು ವಾರದ ಕಸ ಕೂತಿರ್ಬೇಕು, ಆವಾಗ ಎಷ್ಟು ಬರ್ತದೆ ಅಂತ ಒಂದು ಬಕೆಟ್ ಹಿಡಿದು ಗಡಿಯಾರ ನೋಡಿ, ಬರೆದದ್ದರ ಅರ್ಧ ಸಿಕ್ಕಿದ್ರೂ ಪುಣ್ಯ.

ಇನ್ನೊಂದು ಸಂಗತಿ ಹೇಳ್ತೇನೆ. ಐಹೈಮ್ ಅಂತ ಜರ್ಮನಿಯ ಕಂಪೆನಿ, ಅವರ ಕ್ಲಾಸಿಕ್ 2213 ಅಂತ ಹಳೇ ಮಾಡೆಲ್ ಉಂಟು, ಅದರ ಪಂಪು ಗಂಟೆಗೆ 440 ಲೀಟರ್ ಮಾತ್ರ, ಕರೆಂಟು 8 ವಾಟ್. ಅದನ್ನು ಅವರು 250 ಲೀಟರ್ ಟ್ಯಾಂಕಿನವರೆಗೆ ಆಗ್ತದೆ ಅಂತ ಮಾರುದು. ಅವರಿಗೆ ಲೆಕ್ಕ ಬರುದಿಲ್ಲ ಅಂತಲಾ? ನೀರು ಎಷ್ಟು ಜೋರು ಓಡ್ತದೆ ಅನ್ನುದಕ್ಕಿಂತ ಒಳಗೆ ಬ್ಯಾಕ್ಟೀರಿಯಾ ಕೂರ್ಲಿಕ್ಕೆ ಎಷ್ಟು ಜಾಗ ಉಂಟು, ನೀರು ಅದನ್ನು ಸರಿಯಾಗಿ ಮುಟ್ಟಿ ಹೋಗ್ತದಾ ಅನ್ನುದು ದೊಡ್ಡದು. ಮೀನಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುದು ಆ ಬ್ಯಾಕ್ಟೀರಿಯಾ, ಪಂಪು ಅಲ್ಲ. ಆದ್ರೆ ಗೋಲ್ಡ್ ಫಿಶ್ ತಿನ್ನುದೂ ಹೆಚ್ಚು ಹೇಲುದೂ ಹೆಚ್ಚು, ಹಾಗಾಗಿ ನಿಮಗೆ 440 ಸಾಕು ಅಂತ ನಾನು ಹೇಳುದಿಲ್ಲ.

ಪೆರ್ಲದ ಹುಡುಗ
ಮಾಸ್ಟ್ರೆ, ಆ ಜರ್ಮನ್ ಐಟಂ ನನ್ನ ಬಜೆಟಲ್ಲಿ ಬರುದಿಲ್ಲ.

ಮುಳ್ಳೇರಿಯ ಮಾಸ್ಟ್ರು
ಅದನ್ನೇ ತೆಗೊಳ್ಳಿ ಅಂತ ಹೇಳಿದ್ದಲ್ಲ. ಅದರಲ್ಲಿ ನೀರು ಎಳೆಯುವ ಬಟನೂ ಇಲ್ಲ, ಪೈಪಿಗೆ ಬಾಯಿ ಹಾಕಿ ಎಳೀಬೇಕು. ಡಬ್ಬದ ನಂಬರ್ ನೋಡಿ ಮರುಳಾಗ್ಬೇಡಿ ಅಂತ ಹೇಳಿದ್ದು ಅಷ್ಟೆ.

ಅಕ್ಕಲಕೋಟಿ ಮಂದಿ
ಮಾಸ್ತರ್ರು ಹೇಳಿದ್ದು ಖರೆ ಅದ, ಆದ್ರ ನಮ್ಮ ಕಡಿ ಬ್ಯಾಸಗಿಯೊಳಗ ಹಾಂಗ ನಡ್ಯಂಗಿಲ್ರೀ. ಸೊಲ್ಲಾಪುರ ಸೀಮಿ ಬಿಸಲು ನಿಮಗ ಗೊತ್ತಿಲ್ಲ, 40 ಡಿಗ್ರಿ ದಾಟ್ತದ, ಟ್ಯಾಂಕಿನ ನೀರು 32ಕ್ಕ ಹೋಗಿ ಕೂಡ್ತದ. ನೀರು ಕಾದಷ್ಟೂ ಅದರಾಗ ಆಕ್ಸಿಜನ್ ಹಿಡ್ಯೂದು ಕಮ್ಮಿ. 25 ಡಿಗ್ರಿಗೆ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಇದ್ರ 30ಕ್ಕ 7.5ರ ಆಜುಬಾಜು. ಹಂತಾದ್ರಾಗ ಗೋಲ್ಡ್ ಫಿಶ್ ಮ್ಯಾಲ ಬಂದು ಬಾಯಿ ಬಡಕೋತ ಕುಂಡ್ರತಾವ. ನಾ ಆದ್ರ 1400ದ್ದೇ ತಗೊಂಡು ಸ್ಪ್ರೇ ಬಾರ್, ಅಂದ್ರ ನೀರು ಹೊರಗ ಬಿಡೂ ತೂತಿನ ಪೈಪು, ನೀರಿನ ಮ್ಯಾಲ ಒಂದ್ ಬೆರಳು ಎತ್ತಿ ಕಟ್ರಿ ಅಂತೀನಿ, ನೀರು ಚಿಮ್ಮಿ ಬೀಳ್ಬೇಕು, ಸಪ್ಪಳ ಆದ್ರ ಆಗ್ವಲ್ದು.

ಉಪ್ಪಳ ಯುವಿ
ನೋಡಿ, ಇಬ್ಬರಾಯ್ತು 1400ಕ್ಕೆ.

ಕುಂಬಳೆ ಅಕ್ಕ
ನೀವೆಲ್ಲ ಲೀಟರ್ ಲೀಟರ್ ಅಂತ ಜಗಳ ಮಾಡ್ತಾ ಇದ್ದೀರಿ, ಯಾರೂ ಓ ರಿಂಗಿನ ವಿಷಯ ಎತ್ತಲಿಲ್ಲ. ತಮ್ಮಾ, ಅಂಗಡಿಯವನಿಗೆ ಫೋನ್ ಮಾಡಿ ಮೂರೇ ಮಾತು ಕೇಳು. ಈ ಮಾಡೆಲಿನ ಓ ರಿಂಗ್ ಬಿಡಿಯಾಗಿ ಉಂಟಾ? ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆ) ಮತ್ತೆ ಅದರ ಸಪೂರ ಸೆರಾಮಿಕ್ ಕಡ್ಡಿ ಉಂಟಾ? ಮುಚ್ಚಳದ ಕ್ಲಿಪ್ ತುಂಡಾದ್ರೆ ಬೇರೆ ಸಿಗ್ತದಾ? ಅವ "ಅದೆಲ್ಲ ಬರುದಿಲ್ಲ, ಹಾಳಾದ್ರೆ ಹೊಸತೇ ತೆಗೊಳ್ಬೇಕು" ಅಂತ ಹೇಳಿದ್ರೆ ಫೋನ್ ಇಟ್ಟುಬಿಡು, ಅದು ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಕ್ಯಾನಿಸ್ಟರ್ ಅಂದ್ರೆ ಟ್ಯಾಂಕಿನ ಕೆಳಗೆ ಮುಚ್ಚಿದ ಡಬ್ಬ, ಮೇಲಿನ ನೀರಿನ ಒತ್ತಡ ಇಡೀ ದಿನ ಆ ಮುಚ್ಚಳದ ಮೇಲೆ, ಅದನ್ನು ತಡೆಯುದು ಆ ಕಪ್ಪು ರಬ್ಬರ್ ಬಳೆ ಒಂದೇ. ನಿನ್ನ 6 ಸಾವಿರದ ಸಾಮಾನಿನ ಆಯುಷ್ಯ ಸಣ್ಣ ಒಂದು ರಬ್ಬರಿನ ಕೈಯಲ್ಲಿ.

ಪ್ರತಿ ಸಲ ತೊಳೆಯುವಾಗ ಅದನ್ನು ಹೊರಗೆ ತೆಗೆದು ಎರಡು ಬೆರಳಲ್ಲಿ ಬಗ್ಗಿಸಿ ಬೆಳಕಿಗೆ ಹಿಡಿದು ನೋಡ್ಬೇಕು, ಬಗ್ಗಿದಲ್ಲಿ ಕೂದಲಿನಷ್ಟು ಸಪೂರ ಬಿರುಕು ಕಂಡ್ರೆ ಬದಲಾಯಿಸು. ಅದು ಕೂರುವ ಗುಂಡಿಯಲ್ಲಿ ಬೆರಳು ಸುತ್ತ ಓಡಿಸಿ ನೋಡು, ಒಂದು ಹೊಯ್ಗೆ ಕಾಳು ಇದ್ರೂ ಮುಚ್ಚಳ ಸರಿ ಕೂತ ಹಾಗೇ ಕಾಣ್ತದೆ, ಕ್ಲಿಪ್ಪೂ ಬೀಳ್ತದೆ, ರಾತ್ರಿಯಿಡೀ ಒಂದೊಂದೇ ಹನಿ ಬೀಳ್ತಾ ಬೆಳಿಗ್ಗೆಗೆ ಚಾಪೆ ಒದ್ದೆ. ಹಾಗಾಗಿ ಕ್ಯಾನಿಸ್ಟರನ್ನು ಯಾವಾಗಲೂ ಒಂದು ಪ್ಲಾಸ್ಟಿಕ್ ಟಬ್ಬಿನೊಳಗೇ ಇಡು.

ಉಪ್ಪಳ ಯುವಿ
ಓ ರಿಂಗಿಗೆ ತೆಂಗಿನೆಣ್ಣೆ ಹಚ್ಚಿದ್ರೆ ಆಯ್ತಲ್ಲ ಅಕ್ಕ.

ಕುಂಬಳೆ ಅಕ್ಕ
ನಿನ್ನ ತಲೆಗೆ ಹಚ್ಚು ತೆಂಗಿನೆಣ್ಣೆ. ಅದು ಸ್ವಲ್ಪ ಸಮಯದಲ್ಲಿ ಅಂಟಂಟಾಗಿ ಧೂಳು ಹಿಡಿತದೆ. ವ್ಯಾಸಲೀನ್ ಸಹ ಬೇಡ, ಕೆಲವು ಜಾತಿ ರಬ್ಬರು ಅದಕ್ಕೆ ಊದಿಕೊಳ್ತದೆ. ಸಿಲಿಕಾನ್ ಗ್ರೀಸ್ ಅಂತ ಸಣ್ಣ ಟ್ಯೂಬ್ ಬರ್ತದೆ, ಬೆರಳಿಗೆ ಅಂಟುವಷ್ಟು ಸಾಕು, ತುಂಬ ಸಮಯ ಬರ್ತದೆ.

ಹೊಸೂರು ಬೋರ್‌ವೆಲ್
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆ ಎಲ್ಲಾ ಬೋರ್ ನೀರು, ಗಡಸು ಅಂದ್ರೆ ಗಡಸು, ಟ್ಯಾಂಕ್ ಗ್ಲಾಸ್ ಅಂಚಲ್ಲಿ ಬಿಳೀ ಗೆರೆ ಬರುತ್ತಲ್ಲ ಅದೇ ಇಂಪೆಲ್ಲರ್ ಮೇಲೂ ಕೂತ್ಕೊಂಡು ಪಂಪು ಗುರ್ ಅನ್ನೋಕೆ ಶುರು ಮಾಡುತ್ತೆ. ಜನ ಮೋಟರ್ ಹೋಯ್ತು ಅಂತ ಬಿಸಾಕ್ತಾರೆ, ಮೋಟರ್ ಏನೂ ಆಗಿರಲ್ಲ. ಇಂಪೆಲ್ಲರ್ ಬಿಚ್ಚಿ ವಿನಿಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಹಳೇ ಟೂತ್ ಬ್ರಷಲ್ಲಿ ಉಜ್ಜಿದ್ರೆ ಹೊಸದರ ಹಂಗೆ. ಆ ಕಡ್ಡಿ ಮಾತ್ರ ಹುಷಾರು, ಸೆರಾಮಿಕ್ ಅದು, ಕೈ ಜಾರಿ ಬಿತ್ತು ಅಂದ್ರೆ ಎರಡು ತುಂಡು, ಸ್ಪೇರ್ ಇಲ್ಲ ಅಂದ್ರೆ ಅಲ್ಲಿಗೆ ಕಥೆ ಮುಗೀತು.

ಇನ್ನೊಂದು ಐಡಿಯಾ, ಯಾಕೆ ಕೊಂಡ್ಕೋಬೇಕು? ದೊಡ್ಡ ಪಿವಿಸಿ ಪೈಪ್, ಎರಡು ಎಂಡ್ ಕ್ಯಾಪ್, ಒಂದು ಸಬ್‌ಮರ್ಸಿಬಲ್ ಪಂಪ್, ಎರಡು ಸಾವಿರದೊಳಗೆ ಮನೇಲೇ ಮಾಡ್ಕೋಬಹುದು.

ಕುಂಬಳೆ ಅಕ್ಕ
ಮಾಡ್ಬಹುದು, ಆಮೇಲೆ 220 ಲೀಟರ್ ನೀರನ್ನು ನೆಲದಿಂದ ಒರೆಸ್ಲಿಕ್ಕೆ ಸಹ ಒಂದು ಜನ ಬೇಕು.

ಮುಳ್ಳೇರಿಯ ಮಾಸ್ಟ್ರು
ಹಹ. ಅಕ್ಕ ಹೇಳಿದ ಮಾತಿಗೆ ಒಂದು ಸೇರಿಸ್ತೇನೆ. ಪೈಪು ಕಳಚಿದ್ರೆ ಕರೆಂಟು ಆಫ್ ಮಾಡಿದ್ರೂ ನೀರು ನಿಲ್ಲುದಿಲ್ಲ, ಸೈಫನ್ ಅಲ್ವಾ, ನೀರು ಎಳೆಯುವ ಪೈಪಿನ ಬಾಯಿ ಎಲ್ಲಿವರೆಗೆ ಮುಳುಗಿದೆಯೋ ಅಲ್ಲಿವರೆಗೆ ಟ್ಯಾಂಕ್ ಖಾಲಿ ಆಗ್ತದೆ. ಹಾಗಾಗಿ ಆ ಬಾಯಿಯನ್ನು ತೀರಾ ತಳಕ್ಕೆ ಇಳಿಸ್ಬೇಡಿ, ಮೀನು ಬದುಕುವಷ್ಟು ನೀರು ಉಳಿಯುವ ಹಾಗೆ ಸ್ವಲ್ಪ ಮೇಲೆ ಇರ್ಲಿ. ಪ್ಲಗ್ಗಿಗೆ ಹೋಗುವ ವಯರು ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಿ ಪ್ಲಗ್ಗಿಗೆ ಹೋಗ್ಬೇಕು, ವಯರಿನ ಮೇಲೆ ಇಳಿದ ನೀರು ಕೆಳಗಿನ ತಿರುವಿಂದ ನೆಲಕ್ಕೆ ಬೀಳ್ತದೆ, ಸ್ವಿಚ್ ಬೋರ್ಡಿಗೆ ಹೋಗುದಿಲ್ಲ. ಮನೆಯಲ್ಲಿ ಇಎಲ್‌ಸಿಬಿ ಉಂಟಲ್ಲ, ಕರೆಂಟು ಸೋರಿದ್ರೆ ತಾನಾಗಿ ಬೀಳುವ ಸ್ವಿಚ್ಚು, ಅದರ ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡಿ, ಬೀಳ್ತದಾ ಅಂತ.

ಪೆರ್ಲದ ಹುಡುಗ
ಬಿತ್ತು ಮಾಸ್ಟ್ರೆ, ಅಮ್ಮನ ಸೀರಿಯಲ್ ನಡೀತಾ ಇತ್ತು, ಬೈಗಳ ತಿಂದೆ. ಕರೆಂಟು ಬಿಲ್ ಎಷ್ಟು ಹೆಚ್ಚಾಗಬಹುದು?

ಮುಳ್ಳೇರಿಯ ಮಾಸ್ಟ್ರು
ಇಲ್ಲಿಯೇ ಉಪ್ಪಳದವರ ಹತ್ರ ನನ್ನ ತಕರಾರು ಇರುದು. ಫಿಲ್ಟರ್ ಹಗಲು ರಾತ್ರಿ ಓಡುವ ಸಾಮಾನು. ಸನ್‌ಸನ್ 302 ಅಂದ್ರೆ 1000 ಲೀಟರ್, 18 ವಾಟ್, ದಿನಕ್ಕೆ 0.43 ಯೂನಿಟ್, ತಿಂಗಳಿಗೆ 13. ಅದೇ 303 ಅಂದ್ರೆ 35 ವಾಟ್, ತಿಂಗಳಿಗೆ 25 ಯೂನಿಟ್. 304, ನೀವು ಮೊದಲು ಕೇಳಿದ 2000 ಲೀಟರಿನದ್ದು, 55 ವಾಟ್, ತಿಂಗಳಿಗೆ 40ರ ಹತ್ತಿರ. ನಮ್ಮ ಕೆಎಸ್‌ಇಬಿ (ಕೇರಳ ವಿದ್ಯುತ್ ಬೋರ್ಡ್) ಬಿಲ್ಲು ಎರಡು ತಿಂಗಳಿಗೊಮ್ಮೆ ಬರುದು, ಹಾಗಾಗಿ 26, 50, 80 ಅಂತ ಇಟ್ಕೊಳ್ಳಿ. ಸ್ಲ್ಯಾಬ್ ಪದ್ಧತಿ ಆದ ಕಾರಣ ಈ ಯೂನಿಟ್ಟು ಸೇರುದು ನಿಮ್ಮ ಬಿಲ್ಲಿನ ಮೇಲಿನ ತುದಿಗೆ, ಹೆಚ್ಚು ರೇಟಿನ ಕಡೆಗೆ. ಕ್ರಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂತ ದೊಡ್ಡದು ತೆಗೊಂಡು ಎರಡು ವರ್ಷದಲ್ಲಿ ಎಷ್ಟು ಹೆಚ್ಚಿಗೆ ಬೋರ್ಡಿಗೆ ಕಟ್ಟುದು ಅಂತ ಯಾರೂ ಲೆಕ್ಕ ಹಾಕುದಿಲ್ಲ.

ಉಪ್ಪಳ ಯುವಿ
ಯುವಿ ಇದ್ರೆ ಪಾಚಿ ಬರುದಿಲ್ವಲ್ಲಾ ಮಾಸ್ಟ್ರೆ, ಅದಕ್ಕೆ ಬೆಲೆ ಇಲ್ವಾ?

ಮುಳ್ಳೇರಿಯ ಮಾಸ್ಟ್ರು
ನೀರೇ ಹಸಿರಾಗುವ ಪಾಚಿ ಹೋಗ್ತದೆ, ಅದು ಸತ್ಯ. ಗ್ಲಾಸಿಗೆ, ಕಲ್ಲಿಗೆ ಹಿಡಿದ ಪಾಚಿ ಯುವಿ ಇದ್ದಲ್ಲಿಗೆ ನಡೆದುಕೊಂಡು ಹೋಗುದಿಲ್ಲ, ಅದು ಹಾಗೇ ಇರ್ತದೆ. ಬಲ್ಬು ಉರೀತಾ ಇದ್ದ ಹಾಗೆ ಕಂಡ್ರೂ ಒಂದು ವರ್ಷದ ಹತ್ತಿರ ಆದಾಗ ಅದರ ಶಕ್ತಿ ಇಳಿತದೆ. ಟ್ಯಾಂಕಿಗೆ ಬಿಸಿಲು ಬೀಳದ ಜಾಗದಲ್ಲಿ ಇಟ್ಟು ತಿಂಡಿ ಕಮ್ಮಿ ಹಾಕಿದ್ರೆ ಯುವಿ ಬೇಕಾಗುದಿಲ್ಲ.

ಅಕ್ಕಲಕೋಟಿ ಮಂದಿ
ತಿಂಡಿ ಕಮ್ಮಿ ಹಾಕ್ರಿ ಅಂದ್ರ ಮನ್ಯಾಗಿನ ಹುಡುಗೂರು ಕೇಳ್ಬೇಕಲ್ರೀ.

ಪೆರ್ಲದ ಹುಡುಗ
ಕರೆಂಟು ಹೋದ್ರೆ ಎಂತ ಮಾಡುದು ಅಂತ ಯಾರಾದ್ರೂ ಹೇಳಿ. ಕಳೆದ ಮಳೆಗಾಲದಲ್ಲಿ ಒಂದು ಸಲ ಹೋದದ್ದು ಮರುದಿನ ಸಂಜೆ ಬಂದದ್ದು. ಟಾಪ್ ಫಿಲ್ಟರಿಗೆ ಎಂತ ಆಗ್ಲಿಲ್ಲ.

ಮುಳ್ಳೇರಿಯ ಮಾಸ್ಟ್ರು
ಟಾಪ್ ಫಿಲ್ಟರಿಗೆ ಎಂತ ಆಗುದಿಲ್ಲ, ಯಾಕೆಂದ್ರೆ ಅದು ತೆರೆದದ್ದು, ಸ್ಪಂಜು ಒದ್ದೆ ಇದ್ರೆ ಗಾಳಿ ಸಿಗ್ತದೆ. ಕ್ಯಾನಿಸ್ಟರಿನ ದೊಡ್ಡ ದೋಷ ಇದು, ನಮ್ಮ ಊರಿನವರು ಕೊಳ್ಳುವ ಮೊದಲು ತಿಳ್ಕೊಳ್ಬೇಕಾದ್ದು ಇದೇ. ಪಂಪು ನಿಂತ ಕೂಡ್ಲೆ ಡಬ್ಬದೊಳಗಿನ ನೀರು ನಿಂತ ನೀರು. ಒಳಗಿನ ಬ್ಯಾಕ್ಟೀರಿಯಾ ಉಸಿರಾಡ್ತಾ ಇರ್ತದೆ, ಹೊಸ ನೀರು ಬರುದಿಲ್ಲ, ಕೆಲವೇ ಗಂಟೆಯಲ್ಲಿ ಆಕ್ಸಿಜನ್ ಮುಗಿದು ಒಂದೊಂದಾಗಿ ಸಾಯ್ಲಿಕ್ಕೆ ಶುರು, ಸೇರಿದ ಕಸ ಕೊಳೀತದೆ. ಕರೆಂಟು ಒಂದು ಗಂಟೆ ಹೋಗಿ ಬಂದ್ರೆ ತಲೆಬಿಸಿ ಇಲ್ಲ. ರಾತ್ರಿಯಿಡೀ ಹೋಗಿ ಬೆಳಿಗ್ಗೆ ಬಂತು, ಪಂಪು ತನ್ನಷ್ಟಕ್ಕೆ ಶುರುವಾಯ್ತು ಅಂದ್ರೆ ಆ ಕೊಳೆತ ನೀರೆಲ್ಲ ನೇರ ಟ್ಯಾಂಕಿಗೆ. ಹಾಗಾಗಿ ಹೆಚ್ಚು ಹೊತ್ತು ಕರೆಂಟು ಇಲ್ಲ ಅಂತ ಗೊತ್ತಾದ್ರೆ ಮೊದಲು ಪ್ಲಗ್ ಕಿತ್ತು ಇಡುದು, ಎರಡೂ ಪೈಪಿನ ವಾಲ್ವ್ ಮುಚ್ಚುದು, ಡಬ್ಬ ತೆರೆದು ಒಳಗಿನ ನೀರು ತೆಂಗಿನ ಬುಡಕ್ಕೆ ಚೆಲ್ಲಿ ರಿಂಗು ಸ್ಪಂಜು ಎಲ್ಲ ಟ್ಯಾಂಕಿನ ನೀರು ಹಾಕಿದ ಬಕೆಟಿನಲ್ಲಿ ಇಟ್ಟು ಸಣ್ಣ ಏರ್ ಪಂಪಿನ ಪೈಪು ಬಿಡುದು. ಬ್ಯಾಟರಿ ಸೆಲ್ಲಿನಲ್ಲಿ ಓಡುವ ಏರ್ ಪಂಪು ಮೀನಿನ ಅಂಗಡಿಯಲ್ಲೇ ಸಿಗ್ತದೆ.

ಇನ್ವರ್ಟರ್ ಇದ್ರೆ 18 ವಾಟ್ ಅದಕ್ಕೆ ಲೆಕ್ಕವೇ ಅಲ್ಲ. ಆದ್ರೆ ಸ್ಕ್ವೇರ್ ವೇವ್ ಇನ್ವರ್ಟರಲ್ಲಿ ಈ ಪಂಪುಗಳು ಝೇಂಕರಿಸಿ ಬಿಸಿ ಆಗ್ತದೆ, ಸೈನ್ ವೇವ್ ಆದ್ರೆ ಒಳ್ಳೆದು.

ಹೊಸೂರು ಬೋರ್‌ವೆಲ್
ಇದಕ್ಕೇ ನಾನು ಯಾವ ಟ್ಯಾಂಕಲ್ಲೂ ಕ್ಯಾನಿಸ್ಟರ್ ಒಂದನ್ನೇ ನಂಬಲ್ಲ. ಮೂಲೇಲಿ ನೂರಿನ್ನೂರು ರೂಪಾಯಿ ಸ್ಪಂಜ್ ಫಿಲ್ಟರ್ ಒಂದು ಇದ್ದೇ ಇರುತ್ತೆ, ಏರ್ ಪಂಪಿಗೆ ಹಾಕಿ. ಕರೆಂಟ್ ಹೋದಾಗ ಅದೇ ಸ್ಪಂಜಿಗೆ ಬ್ಯಾಟರಿ ಪಂಪ್ ಸಿಕ್ಕಿಸಿದ್ರೆ ಮೀನಿಗೆ ಗಾಳೀನೂ ಆಯ್ತು, ಬ್ಯಾಕ್ಟೀರಿಯಾನೂ ಉಳೀತು. ಗುರು, 1400 ತಗೊಳೋ ದುಡ್ಡಲ್ಲಿ 1000ದ್ದು ಒಂದು, ಸ್ಪಂಜ್ ಒಂದು, ಬ್ಯಾಟರಿ ಪಂಪ್ ಒಂದು ಬರುತ್ತೆ ನೋಡಿ.

ಅಕ್ಕಲಕೋಟಿ ಮಂದಿ
ಈ ಹೊಸೂರ್‌ದವ್ರ ಮಾತಿಗಿ ನಾ ಒಪ್ಪತೀನಿ. ಹಂಗಾದ್ರ 1000 ಸಾಕು. ಏರ್ ಪಂಪ್ ಇದ್ದ ಮ್ಯಾಲ ಆಕ್ಸಿಜನ್ ಚಿಂತಿ ಇಲ್ಲ.

ಉಪ್ಪಳ ಯುವಿ
ನಾನು ಒಪ್ಪುದಿಲ್ಲ, ಆದ್ರೆ ಬಹುಮತ ನಿಮ್ಮದು.

ಪೆರ್ಲದ ಹುಡುಗ
ಒಳಗೆ ಎಂತ ತುಂಬಿಸುದು? ಸೆರಾಮಿಕ್ ರಿಂಗಿನ ಕ್ರಯ ನೋಡಿ ತಲೆ ತಿರುಗಿತು. ಇಲ್ಲಿ ಮುರಕಲ್ಲು (ಮನೆ ಕಟ್ಟಲಿಕ್ಕೆ ಕಡಿಯುವ ಕೆಂಪು ಕಲ್ಲು) ಬೇಕಾದಷ್ಟು ಉಂಟು, ತೂತು ತೂತು ಇರ್ತದಲ್ಲ, ಅದನ್ನೇ ಪುಡಿ ಮಾಡಿ ಹಾಕಿದ್ರೆ ಆಗ್ತದಾ?

ಕುಂಬಳೆ ಅಕ್ಕ
ಮುರಕಲ್ಲು ಬೇಡ. ನೀರಲ್ಲಿ ಉದುರಿ ಕೆಂಪು ಕೆಸರು ಬಿಡ್ತದೆ, ಆ ಕೆಸರು ಹೋಗಿ ಇಂಪೆಲ್ಲರಿಗೆ. ಗಿಡ ಬೆಳೆಸುವ ಟ್ಯಾಂಕಿನವರು ಜಲ್ಲಿಯ ಅಡಿಗೆ ಹಾಕುದುಂಟು, ಗಿಡಕ್ಕೆ ಕಬ್ಬಿಣಾಂಶ ಸಿಗ್ತದೆ ಅಂತ, ಫಿಲ್ಟರಿಗೆ ಅಲ್ಲ. ಅದರ ಬದಲು ಹಳೇ ಹೆಂಚು ಉಂಟಾ ಮನೆಯಲ್ಲಿ? ಬಣ್ಣ ಬಳಿಯದ ಒಡೆದ ಮಂಗಳೂರು ಹೆಂಚನ್ನು ಉಗುರಿನಷ್ಟು ತುಂಡು ಮಾಡಿ ಪಾಚಿ ಎಲ್ಲ ಉಜ್ಜಿ ತೆಗೆದು ಬಿಸಿ ನೀರಲ್ಲಿ ಕುದಿಸಿ ಹಾಕು, ಸುಟ್ಟ ಮಣ್ಣು ಅದು, ಸಣ್ಣ ಸಣ್ಣ ರಂಧ್ರ ಇರ್ತದೆ. ಕಂಪೆನಿಯ ರಿಂಗಿನಷ್ಟು ಜಾಗ ಸಿಗ್ಲಿಕ್ಕಿಲ್ಲ, ಒಂದು ತಟ್ಟೆ ಹೆಚ್ಚು ಹಾಕಿದ್ರೆ ಆಯ್ತು. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಬಲೆ ಸಹ ಹಾಕ್ಬಹುದು, ಸೋಪು ಸೇರಿಸದ್ದು, ಸ್ಟೀಲಿನದ್ದು ಖಂಡಿತಾ ಅಲ್ಲ. ಮೊದಲು ದಪ್ಪ ಸ್ಪಂಜು, ಮತ್ತೆ ನುಣುಪು ಸ್ಪಂಜು, ಅದರ ನಂತರ ಹೆಂಚು ರಿಂಗು. ನೀರು ಯಾವ ಕಡೆಯಿಂದ ಒಳಗೆ ಬರ್ತದೆ ಅಂತ ನೋಡ್ಕೊಂಡು ಆ ಕ್ರಮದಲ್ಲಿ ಇಡು, ಹೆಚ್ಚಿನದ್ದರಲ್ಲಿ ನೀರು ಅಡಿಯಿಂದ ಮೇಲೆ ಹತ್ತುದು. ಕಾರ್ಬನ್ ಪ್ಯಾಕೆಟ್ ಫ್ರೀ ಬಂದ್ರೆ ಎತ್ತಿಡು, ಮೀನಿಗೆ ಮದ್ದು ಹಾಕಿ ಅದನ್ನು ನೀರಿಂದ ತೆಗಿಬೇಕಾದಾಗ ಉಪಯೋಗಕ್ಕೆ ಬರ್ತದೆ.

ಟಾಪ್ ಫಿಲ್ಟರನ್ನು ಕೂಡ್ಲೆ ಬಿಸಾಡ್ಬೇಡ. ಹೊಸ ಕ್ಯಾನಿಸ್ಟರಲ್ಲಿ ಬ್ಯಾಕ್ಟೀರಿಯಾ ಸರಿ ಕೂರ್ಲಿಕ್ಕೆ ನಾಲ್ಕರಿಂದ ಆರು ವಾರ ಬೇಕು, ಅಷ್ಟು ದಿನ ಎರಡೂ ಓಡ್ಲಿ. ಇಲ್ಲದಿದ್ರೆ ಅದರ ಕೊಳಕು ಸ್ಪಂಜನ್ನು ತೊಳೆಯದೆ ಹಾಗೆಯೇ ಕ್ಯಾನಿಸ್ಟರಿಗೆ ತುರುಕು.

ಮುಳ್ಳೇರಿಯ ಮಾಸ್ಟ್ರು
ಸುರಂಗದ ನೀರು ಅಂತ ಹೇಳಿದ್ರಲ್ಲ, ಅದರ ಪಿಎಚ್, ಅಂದ್ರೆ ಹುಳಿಯ ಅಳತೆ, ನೋಡಿದ್ದೀರಾ? ಮುರಕಲ್ಲಿನ ಒಳಗಿಂದ ಬರುವ ನೀರು ಮೃದು, ಸ್ವಲ್ಪ ಹುಳಿ ಕಡೆಗೇ ಇರುದು. ಪಿಎಚ್ 6ಕ್ಕಿಂತ ಕೆಳಗೆ ಹೋದ್ರೆ ನಿಮ್ಮ ಫಿಲ್ಟರ್ ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡ್ತದೆ, ಆವಾಗ ಹತ್ತು ಸಾವಿರದ ಕ್ಯಾನಿಸ್ಟರೂ ಒಂದೇ, ಸಾವಿರದ್ದೂ ಒಂದೇ.

ಪೆರ್ಲದ ಹುಡುಗ
ಅಂಗಡಿಯ ಟೆಸ್ಟ್ ಕಿಟ್ಟಲ್ಲಿ ನೋಡಿದ್ದು, 6ರ ಬಣ್ಣ ತೋರಿಸ್ತದೆ. ಸುಣ್ಣ ಹಾಕುವಾ?

ಕುಂಬಳೆ ಅಕ್ಕ
ಅಯ್ಯೋ ಸುಣ್ಣ ಬೇಡ ಮಾರಾಯ! ಪಿಎಚ್ ಒಮ್ಮೆಲೇ ಹಾರಿ ಮೀನೆಲ್ಲ ಮಗಚ್ತದೆ. ಮರುವಾಯಿ (ಹೊಳೆಯಲ್ಲಿ ಸಿಗುವ ಚಿಪ್ಪಿನ ಜೀವಿ) ಚಿಪ್ಪು ಹಾಕು, ಕುದಿಸಿ ಒಣಗಿಸಿದ್ದು ಒಂದು ಹಿಡಿ, ಬಲೆ ಚೀಲದಲ್ಲಿ ಕಟ್ಟಿ ಕೊನೆಯ ತಟ್ಟೆಯಲ್ಲಿ. ನೀರು ಹುಳಿಯಾದಷ್ಟು ಅದು ಕರಗುದು, ಸರಿಯಾದ್ರೆ ನಿಲ್ತದೆ.

ಪೆರ್ಲದ ಹುಡುಗ
ಅಕ್ಕ, ನಾವು ಮರುವಾಯಿ ತಿನ್ನುವವರಲ್ಲ, ಎಲ್ಲಿಂದ ತರುದು.

ಕುಂಬಳೆ ಅಕ್ಕ
ನಮ್ಮ ಮನೆಗೆ ಬಾ, ಹಿತ್ತಿಲಲ್ಲಿ ರಾಶಿ ಬಿದ್ದಿದೆ. ನಿನ್ನ ಮೀನಾದ್ರೂ ಅದರ ರುಚಿ ನೋಡ್ಲಿ.

ಮುಳ್ಳೇರಿಯ ಮಾಸ್ಟ್ರು
ಒಂದು ಹಿಡಿ ಅಂದ್ರೆ ಒಂದೇ ಹಿಡಿ. ಪಿಎಚ್ ಕೆಳಗಿದ್ದಾಗ ನೀರಿನಲ್ಲಿ ಸೇರಿದ ಅಮೋನಿಯಾ ಹೆಚ್ಚಿನದ್ದು ಅಮೋನಿಯಂ ಆಗಿ ಇರ್ತದೆ, ಅದರ ಉಪದ್ರ ಕಮ್ಮಿ. ಪಿಎಚ್ ಒಂದೇ ದಿನದಲ್ಲಿ ಏರಿಸಿದ್ರೆ ಅದೇ ವಿಷ ಅಮೋನಿಯಾ ಆಗಿ ತಿರುಗ್ತದೆ. ಮೊದಲು ಎರಡು ಮೂರು ದಿನ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ, ಮತ್ತೆ ಚಿಪ್ಪು. ಇನ್ನೊಂದು, ನಿಮ್ಮಲ್ಲಿ ಅಡಿಕೆ ತೋಟ ಇದ್ದೇ ಇರ್ತದೆ, ಮೈಲುತುತ್ತು ಕಲಸಿದ ಬಕೆಟ್, ಮದ್ದು ಬಿಡುವ ಡ್ರಮ್ಮಿನ ನೀರು ಟ್ಯಾಂಕಿನ ಹತ್ರ ತರ್ಲೇ ಬೇಡಿ. ಅದು ತಾಮ್ರ, ಇಂಥ ಮೃದು ನೀರಿನಲ್ಲಿ ಸ್ವಲ್ಪವೇ ಸಾಕು ಮೀನಿಗೆ ತಾಗ್ಲಿಕ್ಕೆ.

ಪೆರ್ಲದ ಹುಡುಗ
ಸರಿ. ಮಂಗಳೂರಿನ ಅಂಗಡಿಗೆ ಫೋನ್ ಮಾಡಿ ಅಕ್ಕ ಹೇಳಿದ ಮೂರು ಪ್ರಶ್ನೆ ಕೇಳಿದೆ. 302ರ ಇಂಪೆಲ್ಲರ್ ಮತ್ತು ಓ ರಿಂಗ್ ಸ್ಟಾಕ್ ಉಂಟಂತೆ, ಕ್ಲಿಪ್ ತರಿಸಿ ಕೊಡ್ತಾರಂತೆ. ಇನ್ನೊಂದು ಹೆಸರಿಲ್ಲದ ಕಂಪೆನಿಯ 2000 ಲೀಟರಿನದ್ದು ಇನ್ನೂ ಕಮ್ಮಿಗೆ ಕೊಡ್ತೇನೆ ಅಂದ, ಓ ರಿಂಗ್ ಕೇಳಿದ್ರೆ ನಗಾಡಿದ. 302, ಒಂದು ಸ್ಪಂಜು, ಬ್ಯಾಟರಿ ಏರ್ ಪಂಪ್, ಒಂದು ಓ ರಿಂಗ್ ಹೆಚ್ಚಿಗೆ. ಬಜೆಟಿನೊಳಗೇ ಬಂತು. ಶನಿವಾರ ಹೋಗಿ ತರುದು. ಪೈಪ್ ಜೋಡಿಸುವಾಗ ನೋಡ್ಕೊಳ್ಬೇಕಾದ್ದು ಎಂತಾದ್ರೂ ಉಂಟಾ?

ಹೊಸೂರು ಬೋರ್‌ವೆಲ್
ಪೈಪ್ ತುದಿ ಗಟ್ಟಿ ಇರುತ್ತೆ, ಬಲವಂತ ಮಾಡ್ಬೇಡಿ, ಬಿಸಿ ನೀರಲ್ಲಿ ಅರ್ಧ ನಿಮಿಷ ಅದ್ದಿದ್ರೆ ಮೆತ್ತಗಾಗಿ ಸಲೀಸಾಗಿ ಹೋಗುತ್ತೆ. ಡಬ್ಬ ಟ್ಯಾಂಕ್ ಪಕ್ಕದಲ್ಲಿ ಅದೇ ಎತ್ತರಕ್ಕೆ ಇಟ್ರೆ ನೀರು ಇಳಿಯಲ್ಲ, ಸ್ಟ್ಯಾಂಡ್ ಕೆಳಗೇ ಇಡಿ. ಪೈಪ್ ಉದ್ದ ಜಾಸ್ತಿ ಇದೆ ಅಂತ ಸುರುಳಿ ಸುತ್ತಿ ಬಿಡ್ಬೇಡಿ, ಸುರುಳಿಲಿ ಗಾಳಿ ಸಿಕ್ಕಾಕೊಂಡ್ರೆ ಪಂಪು ಕಟಕಟ ಅಂತಾನೇ ಇರುತ್ತೆ.

ಕುಂಬಳೆ ಅಕ್ಕ
ಪೈಪ್ ಕತ್ತರಿಸುವ ಮೊದಲು ಡಬ್ಬವನ್ನು ತೊಳೀಲಿಕ್ಕೆ ಹೊರಗೆ ಎಳೆಯುವಷ್ಟು ಜಾಗ ಉಂಟಾ ನೋಡು, ಅದಕ್ಕೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸು.